ಬಿಸಿಬಿಸಿ ಲೈಸೆನ್ಸು

ಚಳ್ಳಕೆರೆಯ ಎಸಿ ಮೆಕ್ಯಾನಿಕ್ ನಾಗಾರ್ಜುನನ ಹೆಂಡತಿಗೆ ಮೌನಿಕಾ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ! ಮದುವೆಯಾಗಿ ಹದಿನಾಲ್ಕು ವರ್ಷ. ಆ ಹೆಸರಿನಲ್ಲಿದ್ದ ಮೌನವೆಲ್ಲ ಗಂಡನ ಪಾಲಿಗೇ ಬಂದಿತ್ತು.

ಇನ್ನೊಬ್ಬರ ಕೈಕೆಳಗೆ ಎಸಿ ಹೊತ್ತು ಗೋಡೆ ಹತ್ತಿದ್ದು ಅವನಿಗೆ ಸಾಕಾಗಿತ್ತು. ದೊಡ್ಡಉಳ್ಳಾರ್ತಿ ಕಡೆ ಏಳುತ್ತಿರುವ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳಲ್ಲಿ ಸ್ವಂತ ಹೆಸರಿನಲ್ಲಿ ಕೆಲಸ ಹಿಡಿಯಬೇಕೆಂದರೆ ಕಂಟ್ರಾಕ್ಟರ್ ಲೈಸೆನ್ಸ್ ಬೇಕು. ಅರ್ಜಿಯಲ್ಲಿ ಎರಡು ಚೌಕ: ಏರ್ ಕಂಡೀಷನಿಂಗ್, ಹೀಟಿಂಗ್. ಶುಲ್ಕ ಒಂದೇ. ನಾಗಾರ್ಜುನ ಎರಡಕ್ಕೂ ಟಿಕ್ ಹೊಡೆದ.

"ರೀ, ಚಳ್ಳಕೆರೇಲಿ ಹೀಟಿಂಗಾ? ಆ ಕಂಟ್ರಾಕ್ಟು ಯಾವತ್ತೋ ಸೂರ್ಯನ ಹೆಸರಿಗೆ ಆಗೋಗೈತೆ!"

"ಇರ್ಲಿ ಬಿಡೇ, ಬೋರ್ಡು ಉದ್ದಕ್ಕೆ ಕಾಣ್ತೈತೆ." (ಬೋರ್ಡನ್ನು ಆಗಲೇ ಬರೆಸಿಯೂ ಆಗಿತ್ತು.)

ತೊಡಕು ಒಂದೇ. ಸ್ವತಂತ್ರವಾಗಿ ಮಾಡಿದ ಒಂದು ಕೆಲಸವನ್ನು ಪರೀಕ್ಷಕರಿಗೆ ತೋರಿಸಬೇಕು. ಅವನು ಯಾರ ಹಂಗೂ ಇಲ್ಲದೆ ಕೂರಿಸಿದ್ದು ಒಂದೇ ಎಸಿ: ಮೊಳಕಾಲ್ಮೂರಿನಲ್ಲಿ, ಮಾವ ಸೂರಪ್ಪನವರ ಮಗ್ಗದ ಕೋಣೆಗೆ, ಯುಗಾದಿ ಉಡುಗೊರೆಯಾಗಿ. (ಅಳಿಯನಿಂದ ಮಾವನಿಗೆ ಹಬ್ಬದ ಉಡುಗೊರೆ! ಚರಿತ್ರಾರ್ಹ ಘಟನೆ.)

ಪರೀಕ್ಷಕ ಪಾಲಾಕ್ಷಪ್ಪನವರು ನಾಗಾರ್ಜುನನ ಜೊತೆ ಮಗ್ಗದ ಕೋಣೆಗೆ ಕಾಲಿಟ್ಟರೆ ಒಳಗೆ ಸೆಕೆಯೋ ಸೆಕೆ. ಎಸಿ ಮಾತ್ರ ಗುರ್ರ್ ಎನ್ನುತ್ತಿದೆ. ಅದರ ಬಾಯಿಗೆ ಹಳೇ ಸೀರೆಯನ್ನು ಕೊಳವೆಯಂತೆ ಹೊಲಿದು ಕಟ್ಟಿ, ಕಿಟಕಿಯಾಚೆ ಬಿಟ್ಟಿದ್ದಾರೆ.

"ಇದೇನ್ರಿ ಯಜಮಾನ್ರೆ?"

"ಇದರ ಗಾಳಿ ಬಲೇ ಒಣಗಾಳಿ ಸಾರ್. ರೇಷ್ಮೆ ಎಳೆಗೆ ಪಸೆ ಬೇಕು. ಹಾಕಿದ ಮೊದಲ್ನೇ ದಿನಾನೇ ಎಳೆ ಪಟಪಟ ಕಿತ್ತೋದ್ವು," ಎಂದರು ಸೂರಪ್ಪ, ಅಳಿಯನತ್ತ ಕೈ ತೋರಿಸಿ. "ನಮ್ಮ ಅಲ್ಲುಡು ಪ್ರೀತಿಯಿಂದ ತಂದಿದ್ದು, ಬಂದ್ ಮಾಡಾಕೆ ಮನಸ್ಸು ಬರ್ಲಿಲ್ಲ. ಆಚೆ ತಿರುಗಿಸ್ದೆ."

ಆಚೆ ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಸೀರೆಯ ತುದಿಗೆ ಮುಖವೊಡ್ಡಿ, ಕಣ್ಣು ಮುಚ್ಚಿ, ಮಹಾರಾಣಿಯಂತೆ ಮೆಲುಕು ಹಾಕುತ್ತಿತ್ತು. ಹಿತ್ತಿಲಲ್ಲಿ ಎಸಿಯ ಹೊರಗಿನ ಪೆಟ್ಟಿಗೆ ಉಗುಳುತ್ತಿದ್ದ ಬಿಸಿಗಾಳಿಗೆ, ಬಣ್ಣದಲ್ಲಿ ಅದ್ದಿದ ರೇಷ್ಮೆ ಲಡಿಗಳು ಸಾಲಾಗಿ ಒಣಗುತ್ತಿದ್ದವು.

"ಇದು ಮಾತ್ರ ಫಸ್ಟ್ ಕ್ಲಾಸ್ ಸಾರ್!" ಅತ್ತೆ ಪೆದ್ದಮ್ಮ ಉತ್ಸಾಹದಿಂದ ಸಾಕ್ಷಿ ನುಡಿದರು. "ಅರ್ಧ ದಿನ ಒಣಗೋದು ಅರ್ಧ ಗಂಟೆಗೇ ಒಣಗ್ತೈತೆ!"

"ಎಮ್ಮೆಗೆ ತಂಪು, ರೇಷ್ಮೆಗೆ ಬಿಸಿ," ಎಂದು ಗೊಣಗುತ್ತಾ ಪಾಲಾಕ್ಷಪ್ಪನವರು ಬರೆದುಕೊಂಡರು. ಊರವರ ಎಸಿಗೆಲ್ಲ ಗ್ಯಾಸ್ ತುಂಬಿದವನ ಗ್ಯಾಸೇ ಅಂದು ಲೀಕಾಯಿತು.

ತಿಂಗಳು ಕಳೆದು ಲೈಸೆನ್ಸ್ ಬಂತು. ಮೌನಿಕಾ ಬೀದಿಗೆಲ್ಲ ಕೇಳುವಂತೆ ಓದಿದಳು:

"ಏರ್ ಕಂಡೀಷನಿಂಗ್: ಮನುಷ್ಯರಿಗೆ ತಂಪು ಮಾಡಿದ ಅನುಭವ ಕಂಡುಬಂದಿಲ್ಲ. ಹೀಟಿಂಗ್: ಅತ್ಯುತ್ತಮ. ಇದಕ್ಕೆ ಮಾತ್ರ ಪರವಾನಗಿ ನೀಡಲಾಗಿದೆ."

ನಾಗಾರ್ಜುನ ಬೋರ್ಡಿನ ಕಡೆ ನೋಡಿದ. ಅರ್ಧ ಅಳಿಸಬೇಕು.

"ಬೇಜಾರು ಯಾಕ್ರಿ? ಹದಿನಾಲ್ಕು ವರ್ಷ ಲೈಸೆನ್ಸ್ ಇಲ್ದೇನೇ ನನ್ನ ತಲೆ ಬಿಸಿ ಮಾಡಿದ್ರಿ. ಈಗ ಸರ್ಕಾರಾನೇ ಒಪ್ಕಂಡೈತೆ!"

ಅವನು ಊಟಕ್ಕೆ ಕುಳಿತ. ಸಾರು ಕೊರೆಯುವಷ್ಟು ತಣ್ಣಗಿತ್ತು. ಹೆಂಡತಿಯ ಮುಖ ನೋಡಿದ.

"ನಾನಂತೂ ಮುಟ್ಟಲ್ಲಪ್ಪ. ಲೈಸೆನ್ಸ್ ಇಲ್ದೋರು ಬಿಸಿ ಮಾಡಿದ್ರೆ ದಂಡ ಹಾಕ್ತಾರೆ," ಎಂದಳು ಮೌನಿಕಾ. "ಏಳ್ರಿ ಕಂಟ್ರಾಕ್ಟರ್ ಸಾಹೇಬ್ರೆ, ಒಲೆ ಹಚ್ರಿ. ಹಂಗೇ ನನ್ನ ಬಟ್ಟಲಿಗೂ ಒಂದು ಸೌಟು ಬಿಡ್ರಿ."