ಬೋರ್ಬನ್ ಕುಡಿಯುವ ಸರಿಯಾದ ರೀತಿ

ಕುಡಿಯುವವರಿಗೆ ಕುಡಿಯುವುದನ್ನು ಕಲಿಸಲು ಹೊರಟವನ ಬಾಳಿನಲ್ಲಿ ತಮಾಷೆಗೆ ಎಂದೂ ಕೊರತೆಯಿಲ್ಲ. ನಗುವವರು ಬೇರೆಯವರು, ಅಷ್ಟೇ. ನಾನು ಗೋಕುಲ ರಸ್ತೆಯ ಒಂದು ಬಾರಿನಲ್ಲಿ ಮ್ಯಾನೇಜರು. ಮಹಡಿಯ ಮೇಲೆ ಎಸಿ ಹಾಲ್ ಕಟ್ಟಿಸಿದಾಗ, ಅಮೆರಿಕದ ಬೋರ್ಬನ್ ವಿಸ್ಕಿ ತರಿಸೋಣ, ಜನಕ್ಕೆ ಅದರ ರುಚಿ ಹತ್ತಿಸುವ ಹೊಣೆ ನನ್ನದು ಎಂದು ಮಾಲಕರ ಮುಂದೆ ಎದೆ ತಟ್ಟಿಕೊಂಡಿದ್ದೆ. ನನ್ನ ಮಟ್ಟಿಗೆ ಬೋರ್ಬನ್ ಎಂದರೆ ನೀಟ್. ನೀರು, ಸೋಡಾ, ಐಸು ಯಾವುದೂ ಸೋಕಬಾರದು. ಒಂದು ಗುಟುಕು ಬಾಯಲ್ಲಿ ಹಿಡಿದು, ಆಡಿಸಿ, ನಿಧಾನಕ್ಕೆ ನುಂಗಬೇಕು.

ಕೆಲವು ತಿಂಗಳು ಕಾದು ನೋಡಿದ ಮಾಲಕರು ಕಡೆಗೊಮ್ಮೆ ಕರೆದರು. “ಮ್ಯಾನೇಜರ್ರ, ನೀವು ಹೇಳಿದಂಗ ಕುಡಿಯೋ ಒಬ್ಬನಾದ್ರೂ ಗಿರಾಕಿನ್ನ ತೋರಸ್ರಿ. ದೀಪಾವಳಿತನಕ ಟೈಮ್ ಕೊಡ್ತೇನಿ. ಇಲ್ಲಂದ್ರ ಮ್ಯಾಲಿನ ಹಾಲ್ ಫ್ಯಾಮಿಲಿ ಸೆಕ್ಷನ್ ಮಾಡ್ತೇನಿ, ನೀವು ಕೆಳಗ ಪಾರ್ಸಲ್ ಕೌಂಟರಿಗೆ ಬರ್ರಿ.”

ಪಾರ್ಸಲ್ ಕೌಂಟರ್ ಇರುವುದು ಅಡುಗೆಮನೆಯ ಹೊಗೆಗೂ ಹಿಂದಿನ ಗಟಾರಕ್ಕೂ ನಡುವೆ. ಎಸಿಯಲ್ಲಿ ಟೈ ಕಟ್ಟಿಕೊಂಡು ನಿಂತವನಿಗೆ ಅಲ್ಲಿಗೆ ಇಳಿಯುವುದೆಂದರೆ ಮಾನ ಹೋದಂತೆಯೇ. ನನಗೆ ನಿದ್ದೆ ಹಾರಿಹೋಯಿತು.

ಹಿರಿಯರ ಪಾಲು

ಮೊದಲು ಸಿಕ್ಕವರು ಒಬ್ಬ ಕಂಟ್ರಾಕ್ಟರು. ಕೈಯಲ್ಲಿ ನಾಲ್ಕು ಉಂಗುರ, ನಾಲಿಗೆಯಲ್ಲಿ ನಾಲ್ಕು ಊರಿನ ಸುದ್ದಿ. ನಾನೇ ಗ್ಲಾಸಿಗೆ ಬೋರ್ಬನ್ ಹಾಕಿ, “ಹಿಂಗ ಕುಡೀಬೇಕ್ರಿ, ಸಾಹೇಬ್ರ, ಏನೂ ಕೂಡಿಸಬಾರದು” ಎಂದೆ. ಅವರು ಭಕ್ತಿಯಿಂದ ಬೆರಳು ಅದ್ದಿ ನೆಲಕ್ಕೆ ಸಿಂಪಡಿಸಿದರು. ಕುಡಿಯುವ ಮುಂಚೆ ಹಿರಿಯರಿಗೆ ಒಂದು ಹನಿ ಕೊಡುವುದು ನಮ್ಮಲ್ಲಿ ಇದ್ದದ್ದೇ. ಆದರೆ ಇವರಿಗೆ ಹಿರಿಯರು ಬಹಳ ಮಂದಿ ಇದ್ದರು. ಅಜ್ಜನಿಗೆ, ಮುತ್ತಜ್ಜನಿಗೆ, ಸೋದರಮಾವನಿಗೆ, ಆಮೇಲೆ ಕಿಟಕಿಯತ್ತ ತಿರುಗಿ ಕೆಳಗೆ ನಿಲ್ಲಿಸಿದ ಹೊಸ ಕಾರಿಗೆ. ನನ್ನ ಕಾರ್ಪೆಟ್ಟು ಸಾಕಷ್ಟು ಕುಡಿದ ಮೇಲೆ ಉಳಿದ ತಳಕ್ಕೆ ಅವರು ಕಂಠಮಟ್ಟ ಸೋಡಾ ಸುರಿದರು.

“ಅಲ್ರಿ, ಸೋಡಾ ಹಾಕೋದ ಇದ್ರ ಹಾಕಿದ ಮ್ಯಾಲ ಸಿಂಪಡಿಸಬಹುದಿತ್ತಲ್ಲ?” ಎಂದೆ, ಹೊಟ್ಟೆ ಉರಿದು.

“ಏನ್ ಮಾತ್ರಿ ಇದು! ನಮ್ಮಜ್ಜ ಜೀವಮಾನದಾಗ ಸೋಡಾ ಮುಟ್ಟಿದಾಂವ ಅಲ್ಲ.”

ಅಂದರೆ ಈ ಊರಲ್ಲಿ ಬೋರ್ಬನ್ ಕುಡಿಯಲು ಬರುತ್ತಿದ್ದ ಮನುಷ್ಯ ನಾನು ಬರುವ ಮೊದಲೇ ತೀರಿಕೊಂಡಿದ್ದ.

ಕೋಳಿಯ ಮುಖಾಂತರ

ಇನ್ನೊಬ್ಬರು ಕಾಳುಕಡಿಯ ವ್ಯಾಪಾರಿ. ಇವರಿಗೆ ಸ್ವಲ್ಪ ಜ್ಞಾನ ತುಂಬಿದರೆ ಗೌರವ ಹುಟ್ಟೀತು ಎಂದು ವಿವರಿಸಿದೆ: “ಇದು ಗೋವಿನಜೋಳದಿಂದ ಮಾಡಿದ್ದರಿ. ಒಳಗ ಸುಟ್ಟ ಕಟ್ಟಿಗಿ ಪೀಪಾಯಿದಾಗ ವರ್ಷಾನುಗಟ್ಲೆ ಇಟ್ಟಿರ್ತಾರ.”

ಅವರು ಗ್ಲಾಸನ್ನು ಮೂಗಿಗೆ ಹಿಡಿದು, ಚೀಲದ ಮಾಲು ಪರೀಕ್ಷಿಸುವವರ ಮುಖ ಮಾಡಿದರು. “ಗೋವಿನಜೋಳ ಅಂದ್ರ, ನಾವು ಕೋಳಿ ಫಾರ್ಮಿಗೆ ಕಳಸ್ತೀವಲ್ರಿ, ಅದ?”

“ಅದರಿ.”

“ವರ್ಷಾನುಗಟ್ಲೆ ಮಾರಾಟ ಆಗದ ಬಿದ್ದಿತ್ತು, ಮ್ಯಾಲ ಸುಟ್ಟ ವಾಸನಿ. ಇಂಥಾ ಮಾಲು ನಾವು ಲಾರಿಯಿಂದ ಇಳಿಸೂದ ಇಲ್ರಿ.” ಗ್ಲಾಸನ್ನು ನನ್ನ ಕಡೆಗೇ ಸರಿಸಿದರು. “ಒಂದು ಪ್ಲೇಟ್ ಕಬಾಬ್ ತರಸ್ರಿ. ಗೋವಿನಜೋಳ ಕೋಳಿ ಮುಖಾಂತರನ ಒಳಗ ಹೋಗ್ಲಿ.”

ಧಾರವಾಡದ ಸಂಸ್ಕೃತಿ

ಧಾರವಾಡದಿಂದ ಬಂದ ನಿವೃತ್ತ ಪ್ರಾಧ್ಯಾಪಕರೊಬ್ಬರು ತಾವಾಗಿಯೇ ನೀಟ್ ಕೇಳಿದಾಗ ನನಗೆ ಅವರ ಕಾಲಿಗೆ ಬೀಳೋಣ ಎನ್ನಿಸಿತು. ಅವರು ಒಂದು ಗುಟುಕು ಕುಡಿದರು. ಹಿಂದೆಯೇ ಒಂದು ತಂಬಿಗೆ ನೀರನ್ನು ಗಟಗಟ ಎತ್ತಿದರು. ಮತ್ತೊಂದು ಗುಟುಕು, ಮತ್ತೊಂದು ತಂಬಿಗೆ.

“ಸರ್, ಇದಕ್ಕ ನೀಟ್ ಅನ್ನೂದಿಲ್ರಿ.”

ಅವರು ದಡ್ಡ ವಿದ್ಯಾರ್ಥಿಯನ್ನು ಕ್ಷಮಿಸುವ ನಗೆ ನಕ್ಕರು. “ಗ್ಲಾಸಿನ್ಯಾಗ ಕಲಸೂದು ಅಸಂಸ್ಕೃತಿ. ಹೊಟ್ಟಿಯೊಳಗ ಏನು ನಡೀತದ ಅನ್ನೂದು ಖಾಸಗಿ ವಿಷಯ.”

ರಸಿಕ

ದೀಪಾವಳಿ ಎದುರಿಗೇ ಬಂದು ನಿಂತಿತ್ತು. ಒಂದು ಮಧ್ಯಾಹ್ನ ನವನಗರದ ಕಡೆಯ ಒಬ್ಬ ಸಭ್ಯ ಗೃಹಸ್ಥರು ಮಹಡಿ ಹತ್ತಿ ಬಂದರು. ಬಾಯಿ ಅರ್ಧ ಮಾತ್ರ ತೆರೆದು ಮೆಲ್ಲಗೆ ಹೇಳಿದರು: “ಕಡಕ್ ಮಾಲು ಯಾವುದೈತಿ, ಅದು ಒಂದು ಪೆಗ್ ಕೊಡ್ರಿ. ನೀರು ಬ್ಯಾಡ, ಸೋಡಾ ಬ್ಯಾಡ, ಐಸಂತೂ ಬ್ಯಾಡ ಬ್ಯಾಡ.”

“ತಿನ್ನಾಕ ಏನ್ ಕೊಡ್ಲಿರಿ?”

“ಏನೂ ಬ್ಯಾಡ್ರಿ.”

ನಾನು ಬೋರ್ಬನ್ ಇಟ್ಟು, ಮೆಟ್ಟಿಲು ಹಾರಿಕೊಂಡು ಹೋಗಿ ಮಾಲಕರನ್ನು ಕರೆತಂದೆ. ಇಬ್ಬರೂ ಕಂಬದ ಮರೆಯಲ್ಲಿ ನಿಂತೆವು. ಆ ಮನುಷ್ಯ ಒಂದು ಗುಟುಕು ಬಾಯಿಗೆ ಹಾಕಿ, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಕುಳಿತರು. ನುಂಗಲಿಲ್ಲ. ಕಣ್ಣ ತುದಿಯಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು.

“ನೋಡ್ರಿ, ಮಾಲಕ್ರ,” ಪಿಸುಗುಟ್ಟಿದೆ, “ರಸಿಕ ಅಂದ್ರ ಹಿಂಗಿರ್ತಾನ. ನುಂಗಾಕ ಮನಸ್ಸ ಬರವಲ್ದು ಅವಗ.”

“ಖರೇ ಬಿಡ್ರಿ,” ಎಂದರು ಮಾಲಕರು, ಮೊದಲ ಬಾರಿಗೆ ಮರ್ಯಾದೆಯಿಂದ. “ಹಾಲ್ ಹಿಂಗ ಇರ್ಲಿ.”

ಅಷ್ಟರಲ್ಲಿ ರಸಿಕರು ಎದ್ದು ವಾಶ್ ಬೇಸಿನ್ನಿಗೆ ಹೋಗಿ ಬಾಯಲ್ಲಿದ್ದುದನ್ನೆಲ್ಲ ಉಗುಳಿದರು. ಬಂದು ಕುಳಿತು ಇನ್ನೊಂದು ಗುಟುಕು ತುಂಬಿಕೊಂಡು ಮತ್ತೆ ತಲೆ ವಾಲಿಸಿದರು, ಮತ್ತೆ ಹೋಗಿ ಉಗುಳಿದರು. ನನಗೆ ತಡೆಯಲಾಗಲಿಲ್ಲ. “ಯಾಕ್ರಿ ಸರ್, ರುಚಿ ಹತ್ತಲಿಲ್ಲೇನ್ರಿ?”

“ರುಚಿ ಯಾರಿಗೆ ಬೇಕಾಗೇತ್ರಿ? ನಾ ಕುಡಿಯೋ ಮನಷ್ಯಾ ಅಲ್ಲ. ದವಡಿ ಹಲ್ಲು ನಿನ್ನೆಯಿಂದ ಜೀವ ತಿನ್ನಾಕತ್ತೇತಿ, ಹಲ್ಲಿನ ಡಾಕ್ಟರ್ ಸಂಜಿಗೆ ಬರ್ತಾರಂತ. ಲವಂಗಕ್ಕ ಬಗ್ಗಲಿಲ್ಲ. ನೀರು ಕೂಡಿಸಿದ್ರ ಔಷಧದ ಜೋರು ಕಮ್ಮಿ ಆಕ್ಕೈತಿ ಅಂತ ಹಂಗ ಕೇಳಿದೆ.” ಕೆನ್ನೆ ಸವರಿಕೊಂಡು ತಲೆದೂಗಿದರು. “ಛಲೋ ಐತ್ರಿ. ನೋವು ಅರ್ಧಾ ಇಳೀತು.”

ಮಾಲಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಕೈ ಮೆಲ್ಲಗೆ ತಮ್ಮ ಬಲಗೆನ್ನೆಗೆ ಹೋಯಿತು.

“ಮ್ಯಾನೇಜರ್ರ, ನಾಳಿಂದ ಪಾರ್ಸಲ್ ಕೌಂಟರಿಗೆ ಬರ್ರಿ,” ಎಂದರು. “ಬರೂಮುಂದ ಆ ಬಾಟಲಿನೂ ತರ್ರಿ. ನಂದೂ ಈ ಕಡೆ ಹಲ್ಲು ಒಂದು ವಾರದಿಂದ ಜುಮುಜುಮು ಅನ್ನಾಕತ್ತೇತಿ.”