ಹತ್ತು ನಿಮಿಷದ ಎಂಜಿನ್

ಹಿಟ್ಟಿನ ಗಿರಣಿಯ ಮನೆಗೆ ಸೊಸೆಯಾಗಿ ಬಂದವಳು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ರಾಗಿ ಡಬ್ಬಿಯ ಜೊತೆಗೇ ಬಂದು ಸಾಲಿನಲ್ಲಿ ಕೂರುತ್ತದೆ.

ರಾಗಿಗುಡ್ಡದ ನಮ್ಮ ಗಿರಣಿ ಈಗ ಕರೆಂಟಿನ ಮೋಟಾರಿನಲ್ಲಿ ಓಡುತ್ತದೆ. ಹಿಂದೆ ಅದನ್ನು ಓಡಿಸುತ್ತಿದ್ದ ಮಾವನವರ ಡೀಸೆಲ್ ಎಂಜಿನ್ ಹನ್ನೆರಡು ವರ್ಷದಿಂದ ಮೂಲೆಯಲ್ಲಿ ತಾಡಪಾಲು ಹೊದ್ದು ಮಲಗಿತ್ತು. ಆ ಜಾಗದಲ್ಲಿ ಖಾರದಪುಡಿ ಮಿಷನ್ ಇಡಬೇಕೆಂದು ನನ್ನ ಗಂಡ ಗುಜರಿಯವನಿಗೆ ಹೇಳಿಬಿಟ್ಟರು. ಮಾವ ಎರಡು ಹೊತ್ತು ಊಟ ಬಿಟ್ಟರು. ಕೊನೆಗೆ ಒಪ್ಪಂದವಾಯಿತು: ಭಾನುವಾರ ಗುಜರಿಯವನು ಹೊರಡುವುದರೊಳಗೆ ಎಂಜಿನ್ ಒಂದು ಡಬ್ಬಿ ರಾಗಿ ಬೀಸಿದರೆ ಉಳಿಯುತ್ತದೆ, ಇಲ್ಲದಿದ್ದರೆ ಟೆಂಪೋ ಹತ್ತುತ್ತದೆ.

ಹ್ಯಾಂಡಲ್

ಎಂಜಿನ್ ಇತ್ತು, ಅದನ್ನು ತಿರುಗಿಸುವ ಹ್ಯಾಂಡಲ್ ಇರಲಿಲ್ಲ. ಅಟ್ಟ, ಬಚ್ಚಲು, ಮಂಚದ ಕೆಳಗೆ ಎಲ್ಲ ಹುಡುಕಿದ ಮೇಲೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದರು, “ಸೊಟ್ಟ ಕಬ್ಬಿಣದ್ದಾ? ಅದು ನಮ್ಮನೆ ಹಿತ್ತಿಲ ಬಾಗಿಲಿಗೆ ಅಗಳಿ ಆಗಿದೆಯಲ್ಲ. ನಿಮ್ಮತ್ತೇನೇ ಕೊಟ್ಟಿದ್ದು.”

ಅವರೇ ತಂದು ಮಾವನ ಕೈಗಿಟ್ಟು, ಹೋಗುವಾಗ ನನಗೆ ಹೇಳಿದರು, “ಸಂಜೆ ವಾಪಸ್ ಕೊಡು ಮಾರಾಯ್ತಿ, ದನ ನುಗ್ಗುತ್ತೆ.”

ಇಲಿಗಳ ವಿದ್ಯಾಭ್ಯಾಸ

ಮಾವನ ಜೊತೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಮೆಕ್ಯಾನಿಕ್ ನ್ಯೂ ಟೌನಿನಿಂದ ಮೊದಲ ಬಸ್ಸಿಗೇ ಬಂದಿಳಿದರು. ಆಯಿಲ್ ಬದಲಾಯಿಸಿ, ಹೊಸ ಡೀಸೆಲ್ ಹಾಕಿ, ಸೈಲೆನ್ಸರ್ ಬಿಚ್ಚಿದರೆ ಒಳಗೆ ಇಲಿಗೂಡು. ಕಾಗದದ ಚೂರುಗಳ ಮೇಲೆ ನನ್ನದೇ ಅಕ್ಷರ. ಶಂಕರಘಟ್ಟದಲ್ಲಿ ಎಂ.ಕಾಂ. ಓದುವಾಗಿನ ನೋಟ್ಸು.

ಮಾವ ಒಂದು ಚೂರು ಎತ್ತಿ ಓದಿ, ಕೆಳಗಿಟ್ಟರು. “ಹೋಗ್ಲಿ ಬಿಡಮ್ಮ. ಇಷ್ಟು ಶ್ರದ್ಧೆಯಿಂದ ನೀನೂ ಓದಿರಲಿಕ್ಕಿಲ್ಲ.”

ಮುಚ್ಚಳ

ಮಧ್ಯಾಹ್ನ ಮೂರನೇ ಸುತ್ತಿಗೆ ಎಂಜಿನ್ ಕೆಮ್ಮಿ, ಕರೀ ಹೊಗೆ ಬಿಟ್ಟು, ಡಬ್ ಡಬ್ ಎಂದು ಓಡತೊಡಗಿತು. ಗಿರಣಿಗೆ ಬೆಲ್ಟ್ ಸಿಕ್ಕಿಸಿ ಮಾವ ರಾಗಿ ಸುರಿದರು. ಹತ್ತು ನಿಮಿಷಕ್ಕೆ ನಿಂತಿತು. ಡೀಸೆಲ್ ಮುಗಿಯಿತೇನೋ ಎಂದು ಮುಚ್ಚಳ ತೆಗೆದು ನೋಡಿದರೆ ಬೇಕಾದಷ್ಟಿತ್ತು. ಮುಚ್ಚಳ ಹಾಕಿ ತಿರುಗಿಸಿದರು, ಓಡಿತು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಹೀಗೆ ಮೂರು ಸಲ. ಮಧ್ಯೆ ಅತ್ತೆ ನಿಂಬೆಹಣ್ಣು ನಿವಾಳಿಸಿದರು. ಅದಕ್ಕೂ ಹತ್ತೇ ನಿಮಿಷ.

ಅಷ್ಟರಲ್ಲಿ ಗುಜರಿಯವನ ಟೆಂಪೋ ಬಂತು. ಡಬ್ಬಿಯಲ್ಲಿ ಇನ್ನೂ ಕಾಲು ಭಾಗ ರಾಗಿ ಉಳಿದಿತ್ತು. ನನ್ನ ಗಂಡ ಗಡಿಯಾರ ನೋಡಿದರು, “ಅಪ್ಪಾ, ಸಾಕು ಬಿಡಿ.” ಮಾವ ಹ್ಯಾಂಡಲ್ ಕೆಳಗಿಡಲಿಲ್ಲ.

ಮೆಕ್ಯಾನಿಕ್ ಮಾತ್ರ ಟ್ಯಾಂಕಿನ ಮುಚ್ಚಳವನ್ನೇ ತಿರುಗಿಸಿ ನೋಡುತ್ತಿದ್ದರು. “ಅಮ್ಮ, ಒಂದು ಪಿನ್ ಕೊಡಿ.” ಮುಚ್ಚಳದ ಮೇಲಿನ ಸಣ್ಣ ತೂತಿನಿಂದ ಒಣಗಿದ ಗಂಧ, ಕುಂಕುಮ, ಆಮೇಲೆ ಒಂದು ಮುರಿದ ಊದುಬತ್ತಿ ಕಡ್ಡಿ ಹೊರಗೆ ಬಂತು. “ಟ್ಯಾಂಕಿಗೆ ಗಾಳಿ ಹೋಗೋದು ಇದರಲ್ಲಿ. ಗಾಳಿ ಇಲ್ಲ ಅಂದ್ರೆ ಡೀಸೆಲ್ ಇಳಿಯಲ್ಲ. ಮುಚ್ಚಳ ತೆಗೆದಾಗ ಅಷ್ಟು ಗಾಳಿ ಕುಡೀತು, ಅಷ್ಟು ಓಡ್ತು. ಯಾರು ಸಿಗಿಸಿದ್ದು ಇದನ್ನ?”

ಎಲ್ಲರೂ ನನ್ನನ್ನೇ ನೋಡಿದರು. ಪ್ರತಿ ಆಯುಧಪೂಜೆಗೂ ಆ ಖಾಲಿ ಟ್ಯಾಂಕಿಗೆ ಊದುಬತ್ತಿ ಹಚ್ಚುತ್ತಿದ್ದವಳು ನಾನು. ಅಲ್ಲಾಡದಿರಲಿ ಅಂತ ಸುತ್ತ ಗಂಧ ಬೇರೆ ಮೆತ್ತುತ್ತಿದ್ದೆ. ಊದುಬತ್ತಿಗೂ ಜಾಗ ಬಿಟ್ಟಿದ್ದಾರಲ್ಲ, ಹಳೇ ಕಾಲದವರ ಬುದ್ಧಿ ನೋಡಿ ಎಂದು ಗಂಡನಿಗೆ ತೋರಿಸಿಯೂ ಇದ್ದೆ.

ಎಂಜಿನ್ ಆಮೇಲೆ ನಿಲ್ಲಲಿಲ್ಲ. ಡಬ್ಬಿ ರಾಗಿ ಮುಗಿದ ಮೇಲೆ ಅದನ್ನು ನಿಲ್ಲಿಸಬೇಕಾದವರು ಮಾವನೇ. ಅವರಿಗೆ ಮನಸ್ಸು ಬರಲಿಲ್ಲ.

ಗುಜರಿಯವನು ಹಗ್ಗ ಸುತ್ತಿಕೊಳ್ಳುತ್ತಾ ಆ ಕಡ್ಡಿಯನ್ನೇ ನೋಡುತ್ತಿದ್ದ. “ಅಕ್ಕಾ, ಹತ್ತು ನಿಮಿಷಕ್ಕೆ ನಿಲ್ತದೆ ಅಂತ ಕೊಟ್ಟ ಮೂರು ಎಂಜಿನ್ ಈ ವರ್ಷ ಒಡೆದು ಹಾಕಿದೀನಿ,” ಎಂದ. “ಮೂರರ ಮುಚ್ಚಳದಲ್ಲೂ ಊದುಬತ್ತಿ ಕಡ್ಡಿ ಇತ್ತು. ಪಾಪ, ದೈವಭಕ್ತರ ಮನೇದು ಅಂತ ಕೈಮುಗಿದೇ ಒಡೆದೆ.”