ಸೋಮನಾಥಪುರದಲ್ಲಿ ನನ್ನ ಸ್ಪ್ಯಾನಿಷ್ ಮಗ್ಗಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸ್ಪ್ಯಾನಿಷ್ ಕಲಿತೆ. ಕಲಿತೆ ಎಂದೇ ಇವತ್ತಿಗೂ ಹೇಳುತ್ತೇನೆ, ಯಾರು ನಕ್ಕರೂ ಸರಿಯೇ!

ಆಗ ಸೋಮನಾಥಪುರದ ದೇವಸ್ಥಾನದಲ್ಲಿ ನಾನೂ ಮಹದೇವಣ್ಣನೂ ಗೈಡುಗಳು. ಮೈಸೂರಿನ ಟ್ರಾವೆಲ್ಸ್ ಮ್ಯಾನೇಜರೊಬ್ಬರು ಬಂದು, ಚಳಿಗಾಲವಿಡೀ ಸ್ಪೇನಿನ ಪ್ರವಾಸಿಗಳು ಬರುತ್ತಾರೆ, ಅವರ ಭಾಷೆ ಗೊತ್ತಿರುವವನಿಗೇ ಆ ಕೆಲಸವೆಲ್ಲ ಎಂದರು. "ನಂಗೆ ಬತ್ತದೆ ಸಾ" ಎಂದುಬಿಟ್ಟೆ. ಆಮೇಲೆ ಪುಸ್ತಕ ಹುಡುಕಲು ಹೊರಟೆ!

ಫುಟ್‌ಪಾತಿನಲ್ಲಿ ಸಿಕ್ಕ ಪುಸ್ತಕದ ಹಿಂದುಮುಂದಿನ ಹಾಳೆಗಳೆಲ್ಲ ಕಿತ್ತುಹೋಗಿ ಉಳಿದದ್ದು ಒಂದೇ ಪಾಠ: ಕ್ರಿಯಾಪದಗಳನ್ನು ತುಂಡುತುಂಡಾಗಿ ಒಡೆದು, ಯಾವ ತುಂಡನ್ನು ಒತ್ತಿ ಹೇಳಬೇಕು ಎಂಬುದು. ಸಾಕಲ್ಲ! ಬೆಳಗ್ಗೆ ಜಗಲಿಯ ಮೇಲೆ ಕೂತು ಮಗ್ಗಿಯ ಹಾಗೆ ಒಪ್ಪಿಸತೊಡಗಿದೆ. 'ಕಾನ್-ತೊ', ಅಂದರೆ ಹಾಡುತ್ತೇನೆ; 'ಕಾನ್' ಎಂದಾಗ ತೊಡೆಗೊಂದು ಏಟು. 'ಕನ್-ತಾ-ಮೊಸ್', ಹಾಡುತ್ತೇವೆ, 'ತಾ' ಎಂದಾಗ ಇನ್ನೊಂದು.

"ಏನ್ರೀ, ಬೆಳ್‌ಬೆಳಗ್ಗೇನೇ ಇಷ್ಟೊಂದ್ ಸೊಳ್ಳೆನಾ?" ಎಂದಳು ಹೆಂಡತಿ.

"ಸೊಳ್ಳೆ ಅಲ್ಲ ಕಣೇ, ಸ್ಪ್ಯಾನಿಷ್!"

ಗುಂಪು ಬಂದೇಬಿಟ್ಟಿತು. ಮುಂದಿದ್ದ ಅಜ್ಜಿಯೊಬ್ಬರು ಗೋಪುರ ತೋರಿಸಿ ಏನೋ ಕೇಳಿದರು. ಒಂದಕ್ಷರವೂ ತಿಳಿಯಲಿಲ್ಲ. ಹಾಗಂತ ಹಿಂದೆಗೆಯುವ ಜಾಯಮಾನ ನನ್ನದಲ್ಲ! ಎದೆಯುಬ್ಬಿಸಿ "ಕಾನ್-ತೊ!" ಎಂದು ತೊಡೆ ತಟ್ಟಿದೆ. ಕುಸ್ತಿಗೆ ಕರೆದೆನೆಂದುಕೊಂಡು ಒಬ್ಬಾತ ಎರಡು ಹೆಜ್ಜೆ ಹಿಂದೆ ಸರಿದ. ನಾನು ಬಿಡದೆ ಮುಂದುವರಿಸಿದೆ. ಅಜ್ಜಿಗೆ ತಮ್ಮ ಶಾಲೆ ನೆನಪಾಯಿತೋ ಏನೋ, ಅವರೂ ತೊಡೆ ತಟ್ಟುತ್ತ ದನಿಗೂಡಿಸಿದರು. ನಿಮಿಷದೊಳಗೆ ಇಡೀ ಗುಂಪು ಒಕ್ಕೊರಲಿನಿಂದ ಮಗ್ಗಿ ಒಪ್ಪಿಸುತ್ತಿತ್ತು! 'ಹಾಡುತ್ತಿದ್ದೆವು' ಎನ್ನಲು 'ಕನ್-ತಾ-ಬ-ಮೊಸ್' ಎಂದು ನಾನು 'ಬ' ಮೇಲೆ ಬಡಿದೆ. ಅಜ್ಜಿ ತಮ್ಮ ಕೋಲಿನಿಂದ ನನ್ನ ಮೊಣಕಾಲಿಗೆ ತಟ್ಟಿ 'ತಾ' ಮೇಲೆ ಎಂದು ತಿದ್ದಿದರು.

ಅಲ್ಲಿಗೆ ನನ್ನ ಸ್ಪ್ಯಾನಿಷ್ ಮುಗಿಯಿತು. ದೇವಸ್ಥಾನದ ಬಗ್ಗೆ ಹೇಳಲು ಒಂದು ಪದವೂ ಇರಲಿಲ್ಲ.

"ನೀ ಕೂತ್ಕೊ ಕಣ್ಲಾ, ನಾ ಗುಡಿ ತೋರಿಸ್ಕಂಡ್ ಬತ್ತೀನಿ" ಎಂದ ಮಹದೇವಣ್ಣ, ತನ್ನ ಇಂಗ್ಲಿಷಿನಲ್ಲೇ ಎಲ್ಲರನ್ನೂ ಒಳಗೆ ಕರೆದೊಯ್ದ. ಅವರಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಬರುತ್ತಿತ್ತು!

ಸಂಜೆ ಮ್ಯಾನೇಜರು, "ಕೆಲಸ ಮಹದೇವಣ್ಣನಿಗೆ. ಮುಂದಿನ ಗುಂಪು ಬಂದ ದಿನ ನೀವು ದಯವಿಟ್ಟು ಈ ಕಡೆ ಬರಬೇಡಿ" ಎಂದರು.

ಬಿಟ್ಟೇನೆಯೇ? ಹೋದೆ! ಗೈಡಾಗಿ ತಾನೇ ಬರಬಾರದು? ಟಿಕೆಟ್ ಕೊಂಡು ಪ್ರವಾಸಿಯಾಗಿಯೇ ಹೋದೆ. ಮಹದೇವಣ್ಣನ ತಪ್ಪುಗಳನ್ನು ಎಲ್ಲರೆದುರು ಎತ್ತಿ ಆಡಬೇಕೆಂದು ಕೈಕಟ್ಟಿ ಹಿಂದೆ ನಿಂತೆ. ಅವನು ಒಂದೊಂದು ಶಿಲ್ಪದ ಮುಂದೆಯೂ ನಿಂತು ನಿಧಾನವಾಗಿ ವಿವರಿಸಿದ. ನಾನು ಬಾಯಿಬಿಟ್ಟುಕೊಂಡು ಕೇಳಿದೆ.

ಹದಿನೈದು ವರ್ಷ ಗೈಡಾಗಿದ್ದ ನನಗೆ ಆ ದೇವಸ್ಥಾನ ಅರ್ಥವಾದದ್ದು ಅವತ್ತೇ!